ಎತ್ತಿನ ಹೆಗಲಿಗೆ ಹಾಕಿದ ಪುಡಿ

ಗಂಡನ ಕಾಲಿಗೆಂದು ಕೊಟ್ಟ ಔಷಧವನ್ನು ನಾನು ಎತ್ತಿನ ಹೆಗಲಿಗೆ ಹಾಕಿದೆ. ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಇಟ್ಟುಕೊಂಡರೆ ನಡುವೆ ಸುಳ್ಳು ಸೇರುತ್ತದೆ.

ದಾಂಡೇಲಿಯಲ್ಲಿ ಕಾರ್ಖಾನೆಯ ಭೋಂಗಾ ಕೂಗುವುದು ಇನ್ನೂ ಹೊಸದಾಗಿದ್ದ ಕಾಲ. ಅಲ್ಲಿನ ಕಟ್ಟಿಗೆ ಡಿಪೋದಲ್ಲಿ ಸಾಗವಾನಿ ದಿಮ್ಮಿ ಉರುಳಿ ನನ್ನ ಗಂಡನ ಕಾಲಿನ ಮೇಲೆ, ಮೊಣಕಾಲಿಗಿಂತ ಕೆಳಗೆ, ಬಿತ್ತು. ಮುರಿದ ಎಲುಬು ಕೂಡಿತು, ಆದರೆ ಒಳಗೆ ಕೀವು ನಿಂತಿತು. ದವಾಖಾನೆಯಲ್ಲಿ ಕೊಯ್ದು, ಕೊಳೆತ ಚೂರು ತೆಗೆದು, ಡಾಕ್ಟರು ನನ್ನ ಕೈಗೆ ಬಿಳಿ ಪುಡಿಯ ಬಾಟಲಿ ಕೊಟ್ಟರು.

"ಸೂಜಿ ಮಾಡೇವಿ. ಆದರ ಎಲುಬಿನ ಒಳಗಿನ ಕೀವಿಗೆ ಸೂಜಿ ಔಷಧ ಸರಿ ಮುಟ್ಟೂದಿಲ್ಲವ್ವಾ. ಈ ಪುಡಿ ಗಾಯದ ತಳಕ್ಕ ಬೀಳಬೇಕು. ಕುದಿಸಿ ಆರಿಸಿದ ನೀರಿಲೆ ತೊಳಿ, ದಿನಾ ಹಾಕು. ಬಾಟ್ಲಿ ತೀರೂತನಕ ಬಿಡಬ್ಯಾಡ."

ಹಳಿಯಾಳದ ಹತ್ತಿರದ ನಮ್ಮೂರಿಗೆ ಚಕ್ಕಡಿಯಲ್ಲಿ ಕರೆತಂದೆವು. ಈ ದವಾಖಾನೆಯ ಓಡಾಟದಲ್ಲೇ ಎಡಗಡೆಯ ಎತ್ತಿನ ಹೆಗಲು ನೊಗಕ್ಕೆ ಉಜ್ಜಿ ಒಡೆದಿತ್ತು. ಬೇವಿನೆಣ್ಣೆ ಹಚ್ಚಿದೆ, ತಂಬಾಕು ಅರೆದು ಹಚ್ಚಿದೆ. ಹುಳ ಬಿದ್ದವು.

ಗಂಡನ ಗಾಯ ಐದಾರು ದಿನಕ್ಕೇ ವಾಸನೆ ಹೋಗಿ ಕೆಂಪಗಾಯಿತು. ಇನ್ನೇನು ಮಾಯ್ದಂತೆಯೇ ಅಂದುಕೊಂಡೆ. ಅತ್ತ ಮಳೆ ಬರುವ ಮೊದಲು ಭತ್ತ ಬಿತ್ತಬೇಕು, ಒಂಟಿ ಎತ್ತಿಗೆ ಕೂರಿಗೆ ಹೂಡಲಾಗದು. ಊರೆಲ್ಲ ಬಿತ್ತುವಾಗ ತಮ್ಮ ಎತ್ತು ಬಿಟ್ಟುಕೊಡುವವರು ಯಾರು? ಗಂಡ ಮಲಗಿದರೆ ಮೈದುನ ಬಿತ್ತುತ್ತಾನೆ, ಎತ್ತು ಮಲಗಿದರೆ ಬಿತ್ತುವವರಿಲ್ಲ. ಹೀಗೆ ಲೆಕ್ಕ ಹಾಕಿದೆ.

ದನದ ಕೊಟ್ಟಿಗೆಯಲ್ಲಿ ಹುಳ ತೆಗೆದು, ತೊಳೆದು, ಪುಡಿ ಉದುರಿಸಿದೆ. ಎತ್ತಿನ ಹುಣ್ಣು ದೊಡ್ಡದು, ಬಾಟಲಿ ಬೇಗ ಇಳಿಯಿತು. ತಳದಲ್ಲಿ ಉಳಿದದ್ದಕ್ಕೆ ಮಠದ ವಿಭೂತಿ ಪುಡಿ ಮಾಡಿ ತುಂಬಿ, ಅದನ್ನೇ ದಿನಾ ಗಂಡನ ಕಾಲಿಗೆ ಹಾಕಿದೆ. ಹಣೆಗೆ ಹಚ್ಚುವುದು ಗಾಯಕ್ಕೆ ಕೇಡು ಮಾಡೀತೇ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿ ಹಾಕಿದೆ ಎನ್ನಲಾರೆ. ನಂಬಿದ್ದರೆ ವಿಭೂತಿಯನ್ನು ಎತ್ತಿಗೇ ಹಾಕುತ್ತಿದ್ದೆ.

ಬಿತ್ತನೆ ಮುಗಿಯಿತು. ಕಾಲು ಮತ್ತೆ ನಾರತೊಡಗಿತು, ದವಾಖಾನೆಗೆ ಒಯ್ದೆವು.

"ಪುಡಿ ದಿನಾ ಹಾಕಿದ್ಯಾ?" ಎಂದು ಡಾಕ್ಟರು ನನ್ನನ್ನೇ ನೋಡಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗಂಡ ಅಂದರು, "ನಮ್ಮಾಕಿ ಒಂದ್ ದಿನಾನೂ ತಪ್ಪಿಸಿಲ್ರೀ ಸಾಹೇಬ್ರ. ನನಗ ರೊಟ್ಟಿ ಕೊಡೂದು ಮರತಾಳು, ಪುಡಿ ಮರತಿಲ್ಲ."

ಡಾಕ್ಟರು ನಕ್ಕರು. "ಒಂದೊಂದ್ ಮೈಗೆ ಔಷಧ ಹತ್ತೂದಿಲ್ಲ" ಅಂದರು. ಆಗಲಾದರೂ ಹೇಳಬಹುದಿತ್ತು. ಸೆರಗು ಸರಿಮಾಡಿಕೊಂಡು ನಿಂತೆ. ಮತ್ತೆ ಕೊಯ್ದು ಇನ್ನಷ್ಟು ಎಲುಬು ತೆಗೆದರು. ಗಾಯ ಕುಳಿ ಬಿದ್ದು ಮಾಯಿತು, ಆದರೆ ಕಾಲು ಮೂರು ಬೆರಳು ಗಿಡ್ಡಾಯಿತು, ಡಿಪೋ ಕೆಲಸ ಹೋಯಿತು.

"ನಂದೂ ಎತ್ತಿಂದೂ ಕೂಡಿ ಆರು ಕಾಲು. ಐದು ನಡೀತಾವು, ಸಾಕಲ್ಲ" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ.

ಎತ್ತಿನ ಹೆಗಲ ಮೇಲೆ ಹೊಸ ಕೂದಲು ಬೆಳ್ಳಗೆ ಬಂತು. ಒಂದು ದಿನ ಗಂಡ ಅದನ್ನು ಸವರುತ್ತ ಕೇಳಿದರು, "ಏನ್ ಹಚ್ಚಿದ್ದೀಯೇ ಇದಕ್ಕ? ಭಾರೀ ಮಾಯ್ದೈತಿ."

"ವಿಭೂತಿ" ಅಂದೆ. ಬಾಯಿಗೆ ಅದೇ ಬಂತು.

"ಹಂಗಾರ ನನಗೂ ಅದನ್ನ ಹಚ್ಚು. ಎತ್ತಿಗೊಂದು, ಗಂಡಗೊಂದು ಮಾಡಬ್ಯಾಡ."

ಅಂದಿನಿಂದ ಅವರು ಇರುವತನಕ, ಸ್ನಾನವಾದ ಮೇಲೆ ಮೊದಲು ಹಣೆಗೆ, ಆಮೇಲೆ ಆ ಕಾಲಿನ ಕುಳಿಗೆ ವಿಭೂತಿ. ಹಣೆಗೆ ಅವರೇ ಹಚ್ಚಿಕೊಳ್ಳುತ್ತಿದ್ದರು. ಕಾಲನ್ನು ನನ್ನ ಮುಂದೆ ಚಾಚುತ್ತಿದ್ದರು.