ತಮ್ಮನ ಪೇಂಟು

ತೊಂಬತ್ತರ ದಶಕದಲ್ಲಿ ಕೆಲಸದ ಮೇಲೆ ಪಾಂಡವಪುರ, ನಾಗಮಂಗಲ ಸುತ್ತುತ್ತಿದ್ದ ನನ್ನ ಹಳೇ ಕಾರಿಗೆ ದಪ್ಪ ಟಯರು ಹಾಕಿಸಿ ಬೀಗಿದ್ದೆ ನೋಡಿ, ಗುಂಡಿ ಸಿಕ್ಕಲ್ಲೆಲ್ಲ ಆ ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜತೊಡಗಿತು. ಬಾಬುರಾಯನಕೊಪ್ಪಲಿನ ಟಿಂಕರ್ ಆಚಾರ್ರ ಹತ್ತಿರ ಒಯ್ದೆ.

"ಅಂಚು ಒಳಕ್ಕೆ ಮಡಚಿಬಿಡಿ ಆಚಾರ್ರೇ. ಪೇಂಟು ಬಿರಿದರೆ ಬಿರಿಯಲಿ, ಮತ್ತೆ ಮಾಡಿಸೋಣ."

ಅವರು ಮಡ್‌ಗಾರ್ಡು ಸವರಿ ನೋಡಿದರು. "ಮಾಡೋನು ಎಲ್ಲವ್ನೆ ಸ್ವಾಮಿ? ಇದು ನನ್ ತಮ್ಮ ಹೊಡ್ದಿದ್ ಪೇಂಟು. ಓದ್ ವರ್ಸ ತೀರೋದ."

ಅವರು ಬಿಸಿನೀರು ಸುರಿದು ಪೇಂಟು ಮೆತ್ತಗಾಗಿಸಿ, ಟಯರಿಗೂ ಅಂಚಿಗೂ ನಡುವೆ ಬಟ್ಟೆ ಸುತ್ತಿದ ಪೈಪು ತೂರಿಸಿ, ನನ್ನಿಂದ ಕಾರು ತಳ್ಳಿಸಿದರು.

"ಮೆಲ್ಲಕೆ ಸ್ವಾಮಿ, ಎಮ್ಮೆ ಅಲ್ಲ ಅದು."

ಪೈಪು ಉರುಳಿದಂತೆ ಅಂಚು ಒಳಕ್ಕೆ ಮಡಚಿಕೊಂಡಿತು, ಪೇಂಟು ಬಿರಿಯಲಿಲ್ಲ. ಮುಂದೆ ಆ ದಾರಿಯಲ್ಲಿ ಹೋದಾಗಲೆಲ್ಲ ಆಚಾರ್ರು ಕೈ ಅಡ್ಡ ಹಾಕಿ ನಿಲ್ಲಿಸಿ, ಮಡ್‌ಗಾರ್ಡು ಸವರಿ ಕಳಿಸುತ್ತಿದ್ದರು. ಕಾರಿನೊಳಗಿದ್ದ ನಾನು ಹೇಗಿದ್ದೇನೆಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.