ಬೋರ್ಡಿನಲ್ಲಿಲ್ಲದ ಕೆಜಿಎಫ್

ಬೆಂಗಳೂರಿನಿಂದ ಹೊರಟ ಪ್ಯಾಸೆಂಜರ್ ರೈಲು ನನ್ನನ್ನು ಬಂಗಾರಪೇಟೆಯಲ್ಲಿ ಇಳಿಸಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ರೈಲು ಮಾರ್ಗಗಳ ನಕ್ಷೆ, ನಿಲ್ದಾಣದ ಫಲಕ ಬರೆಯುವುದು ನನ್ನ ಕಸುಬು. ಮಾರಿಕುಪ್ಪಂ ಮಾರ್ಗಕ್ಕೆ ಬರೆದ ಹೊಸ ನಕ್ಷೆಯನ್ನು ಜನರಿಗೆ ತೋರಿಸಿ ನೋಡೋಣವೆಂದು ಸುತ್ತಿಕೊಂಡು ತಂದಿದ್ದೆ. ಇಡ್ಲಿ ತಿಂದು, ಹತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು, ಬೆಂಚಿನ ಮೇಲೆ ನಕ್ಷೆಯನ್ನು ಬಿಚ್ಚಿದೆ. ಚೆನ್ನಾಗಿ ಬಂದಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಮುನಿಯಮ್ಮ ಎಂಬ ಹೆಂಗಸು ಇದರಲ್ಲಿ ಕೆಜಿಎಫ್ ಎಲ್ಲಿದೆ ಎಂದು ಕೇಳಿದರು. ಹತ್ತಿರದ ಹಳ್ಳಿಯವರು, ಹಸು ಸಾಕಿದವರು. ಮಗಳು ಕೆಜಿಎಫ್‌ನ ತಮಿಳರ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದ ಮೇಲೆ ಮನೆಯವರೆಲ್ಲ ಅವಳೊಂದಿಗೆ ಮಾತು ಬಿಟ್ಟಿದ್ದರು. ಇವತ್ತು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಕೆಜಿಎಫ್ ರೈಲು ಹತ್ತಿ ಚಾಂಪಿಯನ್‌ನಲ್ಲಿ ಇಳಿ ಎಂದು ಮಗಳು ಹೇಳಿಕಳಿಸಿದ್ದಳು. ಗಂಡನಿಗೆ ಹೇಳದೆ ಹೊರಟಿದ್ದರಿಂದ ಮನೆಗಿದ್ದ ಒಂದೇ ಫೋನೂ ಕೈಯಲ್ಲಿರಲಿಲ್ಲ.

ಬೆಳಗಿನ ರೈಲು ಅವರ ಕಣ್ಣೆದುರೇ ಹೋಗಿತ್ತು. ಅಕ್ಷರ ಕೂಡಿಸಿ ಓದಿದರೆ, ರೈಲಿನ ಬೋರ್ಡಿನಲ್ಲಿದ್ದದ್ದು ಕೊನೆಯ ನಿಲ್ದಾಣವಾದ ಮಾರಿಕುಪ್ಪಂ. ಕೆಜಿಎಫ್ ಎಂಬ ಹೆಸರಿನ ನಿಲ್ದಾಣವೇ ಇಲ್ಲ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಲ್ಲ ಸೇರಿಯೇ ಕೆಜಿಎಫ್. ನನ್ನ ನಕ್ಷೆಯಲ್ಲೂ ಆ ಹೆಸರಿರಲಿಲ್ಲ. ಪೆಚ್ಚಾದೆ.

ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದೆ.

“ಇಲ್ಲಿ ಎಲ್ರೂ ಗುರ್ತಿರೋರೇ ಕಣಮ್ಮ. ಕೇಳಿದ್ರೆ ಯಾರ್ ಮನೇಗೆ ಅಂತಾರೆ. ಏನಂತ ಏಳ್ಲಿ? ಬೋರ್ಡಾದ್ರೆ ಏನೂ ಕೇಳಾಕಿಲ್ಲ. ಅದನ್ನೇ ನೋಡ್ತಾ ಕುಂತಿದ್ದೆ.”

ಮುಂದಿನ ರೈಲಿಗೆ ಇಬ್ಬರೂ ಹತ್ತಿದೆವು. ಪೆನ್ನು ತೆಗೆದು ನಾಲ್ಕೂ ನಿಲ್ದಾಣಗಳ ಮೇಲೆ ಉದ್ದಕ್ಕೆ ‘ಕೆಜಿಎಫ್’ ಎಂದು ಬರೆದು ತೋರಿಸಿದೆ. ಕಿಟಕಿಯಾಚೆ ಗಣಿ ಮಣ್ಣಿನ ಬಿಳಿ ದಿಬ್ಬಗಳು ಕಾಣಿಸತೊಡಗಿದವು. ಮುನಿಯಮ್ಮನಿಗೆ ನಕ್ಷೆಯೂ ಬೇಡ, ದಿಬ್ಬವೂ ಬೇಡ. ಶಾಸ್ತ್ರ ಮುಗಿದೇ ಹೋಗಿರುತ್ತದೆ, ಅಮ್ಮ ಬೇಕಂತಲೇ ಬರಲಿಲ್ಲ ಎಂದು ಮಗಳು ಅಂದುಕೊಂಡಿರುತ್ತಾಳೆ ಎಂಬುದೇ ಅವರ ಚಿಂತೆ.

ಚಾಂಪಿಯನ್‌ನಲ್ಲಿ ನಾನೂ ಇಳಿದೆ. ಮಗಳು ಗಂಡನೊಂದಿಗೆ ನಿಂತಿದ್ದಳು, ಅತ್ತು ಕಣ್ಣು ಕೆಂಪಾಗಿತ್ತು. ಬೆಳಗಿನ ರೈಲಿನಿಂದ ಅಮ್ಮ ಇಳಿಯದಿದ್ದರೂ ಅವಳು ಮನೆಗೆ ಹೋಗಿರಲಿಲ್ಲ.

“ಬರಾಕಿಲ್ಲ ಅಂದ್ಕೊಂಡೆ ಅಮ್ಮ.”

“ಬೆಳಿಗ್ಗೇನೇ ಬಂದಿದ್ದೆ ಕಣೇ. ರೈಲ್ನಾಗೆ ನಿಮ್ಮೂರಿನ ಎಸ್ರೇ ಇರ್ಲಿಲ್ಲ.” ಆಮೇಲೆ ಮೆಲ್ಲಗೆ, ತೊಟ್ಟಿಲಿಗೆ ಹಾಕಿದಿರಾ ಎಂದು ಕೇಳಿದರು.

“ಇಲ್ಲ. ನಿಮ್ಮಮ್ಮ ಬರ್ಲಿ ಅಂತ ನಮ್ಮತ್ತೆ ಮಗೀನ ಮಡ್ಲಲ್ಲೇ ಇಟ್ಕೊಂಡವ್ರೆ.”

ಅಳಿಯ ಅವರ ಕೈಯಲ್ಲಿದ್ದ ಚೀಲಕ್ಕೆ ಕೈ ಚಾಚಿದ. ಮುನಿಯಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿ, ಚೀಲ ಕೊಟ್ಟರು. “ನಡಿಯಪ್ಪ, ನಿಮ್ಮಮ್ಮನಿಗೆ ಕೈ ನೋಯ್ತಿರ್ತೈತೆ,” ಎಂದು ಅವನಿಗಿಂತ ಮುಂದೆ ಹೊರಟರು.