ಆಮೆನ್ ಅನ್ನದ ಸೋಮವಾರ

ನಮ್ಮ ಲಗ್ನಾದ ಹೊಸತರಾಗ ಸೋಮವಾರ ಅಂದ್ರ ಯಡೂರು. ನಮ್ಮವರು ರಾಯಬಾಗದ ಸಭಾಕ್ಕ ಪಾಸ್ಟರ್. ಭಾನುವಾರದ ಆರಾಧನಿ ಮುಗದು ಮರುದಿನ ಸಂಜಿಮುಂದ ನನ್ನ ಗಾಡಿ ಮ್ಯಾಲೆ ಕೂಡಿಸ್ಕೊಂಡು ಹೊಳಿ ದಂಡಿಗೆ ಹೋಗತಿದ್ರು. ಯಡೂರಿನ ಗುಡಿಗೆ ಬಂದ ಮಂದಿ ಅತ್ತಾಗ, ನಾವಿಬ್ಬರೂ ಇತ್ತಾಗ ಒಂದ ಕಲ್ಲಿನ ಮ್ಯಾಲೆ. ನಡುವ ಒಂದ ಪುಡಿಕಿ ಚುರಮರಿ. ನಾ ಮಾತಾಡೂದು, ಅವರು ಹೂಂ ಹೂಂ ಅನ್ನೂದು. ಅದ ಸುಖ ಅಂತ ಅವಾಗ ನನಗ ತಿಳೀಲಿಲ್ಲ.

ಆಮೇಲೆ ಸಭಾ ಬೆಳೀತು. ತೆಲಸಂಗ, ಕಾಗವಾಡ, ನಿಪ್ಪಾಣಿ ಅಂತ ನಾಲ್ಕ ಕಡೆ ಆತು. ದೇವರ ಕೆಲಸ ಬೆಳಿಯೂದು ಛಲೋನ, ನಾ ಏನು ಇಲ್ಲ ಅನ್ನಂಗಿಲ್ಲ. ಆದ್ರ ಪಾಸ್ಟರ್ ಇರೂದು ಒಬ್ರ ಅಲ್ಲೇನ್ರಿ! ಬೋರ್ ಕೊರಸಾಕ ಪ್ರಾರ್ಥನಿ, ಟ್ರ್ಯಾಕ್ಟರ್ ತಂದ್ರ ಪ್ರಾರ್ಥನಿ, ಎಮ್ಮಿ ಈಯೂದು ತಡಾ ಆದ್ರ ಪ್ರಾರ್ಥನಿ. ಮತ್ತ ಪ್ರತಿ ಮನ್ಯಾಗೂ ಚಾ. ಬ್ಯಾಡ ಅಂದ್ರ, "ನಮ್ಮ ಮನಿ ಚಾ ಪಾಸ್ಟರ್‌ಗ ಸೇರಂಗಿಲ್ಲೇನ್ರಿ?" ಅಂತ ಮಾರಿ ಸಣ್ಣ ಮಾಡ್ತಾರ. ನಿಪ್ಪಾಣ್ಯಾಗ ಅದನ್ನ ಮರಾಠಿಯೊಳಗ ಕೇಳ್ತಾರ, ಅಷ್ಟ ಫರಕು.

"ರೀ, ಒಂದಿನಾ ಮನ್ಯಾಗ ಇರ್ರಿ" ಅಂದ್ರ, "ಕುರಿ ಬಿಟ್ಟು ಕುರುಬ ಮಕ್ಕೊಂತಾನೇನ?" ಅಂತಿದ್ರು.

"ಕುರುಬಗ ಹೇಣ್ತೀನೂ ಇರ್ತಾಳ್ರಿ" ಅಂತ ನಾ ಅನ್ನೂದ್ರಾಗ ಫೋನ್ ಬಡೀತಿತ್ತು.

ಸೋಮವಾರನೂ ಹಂಗ ಹೋತು. ಮೊದಲ "ಒಂದ ಮನಿ ಮುಗಿಸಿ ಹೋಗೂಣು" ಅಂದ್ರು, ಆಮೇಲೆ "ಮುಂದಿನ ವಾರ" ಅಂದ್ರು, ಆಮೇಲೆ ಅದನ್ನೂ ಅನ್ನೂದು ಬಿಟ್ರು. ನಾ ಮಾತ್ರ ಸೋಮವಾರ ಸಂಜಿಮುಂದ ಸೀರಿ ಬದಲಿಸಿ, ತಲಿ ಬಾಚ್ಕೊಂಡು ಕುಂದರೂದು ಬಿಡಲಿಲ್ಲ. ಹುಚ್ಚಿ ನಾನು! ಒಂದಿನಾ ಬಾಗಲದಾಗ ನನ್ನ ನೋಡಿ "ಹೆಂಗ ಅದೀರಿ, ಅಕ್ಕಾರ?" ಅಂದ್ರು, ಸಭಾದ ಹೆಣ್ಮಕ್ಕಳಿಗೆ ಕೇಳಿದಂಗ. ಅವರ ಮುಂದ ನಕ್ಕೆ. ಒಳಗ ಹೋಗಿ ಅತ್ತೆ.

ಒಮ್ಮಿ ಕಾಗವಾಡದಾಗ ಒಬ್ಬ ಮುದುಕಿ ಆಯಿಗೆ ಮೊಣಕಾಲ ನೋವಂತ ನಾವಿಬ್ಬರೂ ಹೋದ್ವಿ. ಅವತ್ತಿಗೆ ಅದು ಇವರದ್ದು ಏಳನೇ ಮನಿ. ಕುರ್ಚಿ ಮ್ಯಾಲೆ ಕುಂತು, ಕೆಳಗ ಕುಂತಿದ್ದ ಆಯಿ ತಲಿ ಮ್ಯಾಲೆ ಕೈ ಇಟ್ಟು, "ಕರ್ತನೇ, ಈ ತಾಯಿಗೆ..." ಅಂದ್ರು. ಮುಂದ ಮಾತ ಇಲ್ಲ. ನಮ್ಮಾಗ ಪಾಸ್ಟರ್ ಆಮೆನ್ ಅನ್ನೂತನಕಾ ಯಾರೂ ಕಣ್ಣ ತೆರಿಯಂಗಿಲ್ಲ. ಮೂಗಿನ ಮ್ಯಾಲೆ ನೊಣಾ ಕುಂತ್ರೂ ಇಲ್ಲ. ಒಳಗ ಚಾ ಉಕ್ಕಿ ಸೀದ ವಾಸನಿ ಬಂತು, ಆಯಿ ಸೊಸಿ ಅಲ್ಲಾಡಲಿಲ್ಲ. ಭಾಳ ಹೊತ್ತಾದ ಮ್ಯಾಲೆ ಸಣ್ಣಗ ಗೊರಕಿ ಕೇಳಿಸ್ತು. ಅಯ್ಯ ದೇವರ! ಗಂಡನ ಗೊರಕಿ ನನಗ ಗೊತ್ತಾಗಂಗಿಲ್ಲೇನು? ಮರ್ಯಾದಿ ಹೊಕ್ಕೇತೆಂತ ಜೋರಾಗಿ "ಆಮೆನ್!" ಅಂದೆ. ಇವರೂ ಬೆಚ್ಚಿಬಿದ್ದು "ಆಮೆನ್" ಅಂದ್ರು. ಸೊಸಿ ಕಣ್ಣೀರ ಒರಸ್ಕೊಂಡ್ಳು.

ಆಯಿ ಮೊಣಕಾಲು ಎರಡ ದಿನಕ್ಕ ಹಗರಾತಂತ. ತಗೋರಿ! ಪಾಸ್ಟರ್ ಮಾತಿಲ್ದ ಪ್ರಾರ್ಥನಿ ಮಾಡ್ಯಾರ ಅಂತ ಸೊಸಿ ಹೇಳಿದ್ದು ಅಥಣಿ ತನಕಾ ಮುಟ್ಟಿತು. ಎಲ್ಲಾರಿಗೂ ಅಂಥಾದ್ದ ಬೇಕು. ಬರಗಾಲದಾಗ ಅಧಿಕ ಮಾಸ ಅಂತಾರಲ್ಲ, ಹಂಗಾತು. "ನಿದ್ದಿ ಹತ್ತಿತ್ತು ಅಂತ ಹೇಳಿಬಿಡ್ರಿ" ಅಂದೆ. "ಅವರ ನಂಬಿಗಿ ಮುರೀತೈತಿ" ಅಂತ ಇವರು ತಲಿ ತಗ್ಗಿಸಿದ್ರು.

ಮುಂದಿನ ವಾರ ತೆಲಸಂಗದಿಂದ ಬರೂವಾಗ ಗಾಡಿ ಮ್ಯಾಲೇನ ಕಣ್ಣ ಮುಚ್ಚಿ ಜ್ವಾಳದ ಹೊಲದಾಗ ಹೋಗಿ ಬಿದ್ರು. ದೇವರ ದಯಾ, ಮೊಣಕೈ ಅಷ್ಟ ತರಚಿತ್ತು. ಅರಿಶಿಣ ಹಚ್ಚಿಕೋತ ಒದರಾಡಿದೆ: "ನಾಳೆ ನಿಮಗ ಏನರ ಆದ್ರ ನನ್ನ ಕಣ್ಣೀರ ಒರಸಾಕ ಯಾವ ಪಾಸ್ಟರ್‌ನ ಕರೀಲಿ? ಹೇಳ್ರಿ!" ಅಷ್ಟರಾಗ ಮತ್ತ ಫೋನ್ ಬಡೀತು.

ಇವರಿಗೆ ತಿಳಸದ ಬಸ್ ಹತ್ತಿ ಕಾಗವಾಡಕ್ಕ ಹೋದೆ. ಆಯಿ ಮುಂದ ಕುಂತು ಖರೇದು ಹೇಳಿದೆ, ನಮ್ಮ ಸೋಮವಾರದ ಮಾತೂ ಹೇಳಿದೆ. ಆಕಿ ನನ್ನ ಕೈ ಹಿಡದ್ಲು.

"ನನಗ ಅವತ್ತ ಗೊತ್ತಾತವಾ. ಮೊದಲ ಕೈ ಹಗರ ಇತ್ತು, ಆಮೇಲೆ ಭಾರ ಆತು. ಮಗಗ ನಿದ್ದಿ ಹತ್ತೇತಿ, ತಲಿ ಅಲ್ಲಾಡಿಸಿದ್ರ ಎಚ್ಚರಾಕ್ಕಾನಂತ ಹಂಗ ಕುಂತೆ. ಇನ್ನ ಸ್ವಲ್ಪ ಮಕ್ಕೊಳ್ಳಿ ಕರ್ತನೇ ಅಂತ ಬೇಡ್ಕೊಳ್ಳಾಕತ್ತಿದ್ದೆ. ಅಷ್ಟರಾಗ ನೀ ಆಮೆನ್ ಅಂದಿ."

ಮಾನಾ ಉಳಸಾಕ ಹೋಗಿ ನಿದ್ದಿ ಕೆಡಿಸಿದಾಕಿ ನಾನ.

ಭಾನುವಾರ ಆಯಿ ಬಡಿಗಿ ಊರ್ಕೋತ ರಾಯಬಾಗದ ಸಭಾಕ್ಕ ಬಂದು ಎಲ್ಲಾರ ಮುಂದ ಎದ್ದ ನಿಂತ್ಲು. "ಸೋಮವಾರ ಪಾಸ್ಟರ್‌ನ ಯಾರು ಕರೀತೀರಿ, ಅವರ ಮನಿಗೆ ನಾ ಬಂದು ಕುಂದರತೇನಿ. ತಿಂಗಳಾನುಗಟ್ಟಲೆ ಏಳಂಗಿಲ್ಲ, ನೋಡ್ರಿ!" ಮಂದಿ ನಕ್ರು. ಮಾತಿಲ್ದ ಪ್ರಾರ್ಥನಿ ನಂಬಿದ್ದ ಆಕಿ ಸೊಸಿ ಮಾತ್ರ ನಗಲಿಲ್ಲ. ನಮ್ಮವರು ಎದ್ದು, "ಅವತ್ತು ನಾ ಪ್ರಾರ್ಥನಿ ಮಾಡಲಿಲ್ರಿ, ನನಗ ನಿದ್ದಿ ಹತ್ತಿತ್ತು" ಅಂದ್ರು. ಯಾರ ನಂಬಿಗಿನೂ ಮುರೀಲಿಲ್ಲ.

ಮರುದಿನ ಯಡೂರಿಗೆ ಹೋದ್ವಿ. ಅದ ಹೊಳಿ, ಅದ ಕಲ್ಲು. ಎಷ್ಟೋ ವರ್ಷದ ಮಾತು ಕೂಡಿಟ್ಕೊಂಡು ಬಂದಿದ್ದೆ. ಚುರಮರಿ ಪುಡಿಕಿ ಬಿಚ್ಚಿದೆ. "ಪ್ರಾರ್ಥನಿ ಮಾಡಿ ತಿನ್ನೂಣು" ಅಂತ ನನ್ನ ಕೈ ಹಿಡಕೊಂಡ್ರು. ಇಬ್ಬರೂ ಕಣ್ಣ ಮುಚ್ಚಿದ್ವಿ.

"ಕರ್ತನೇ, ಈಕಿನ್ನ ನನಗ ಕೊಟ್ಟದ್ದಕ್ಕ..."

ಮುಂದ ಮಾತ ಇಲ್ಲ. ಕೈ ಭಾರ ಆತು. ತಲಿ ನನ್ನ ಹೆಗಲಿಗೆ ಬಂತು. ನನಗ ಅವರ ಜೋಡಿ ಮಾತಾಡಬೇಕಾಗಿತ್ತು, ಅವರ ಹೂಂ ಕೇಳಬೇಕಾಗಿತ್ತು. ಇಷ್ಟ ಹಂತೇಲಿ ಕುಂತ್ರೂ ಜೀವ ಅವರಿಗಾಗಿ ಹಂಬಲಿಸ್ತು. ಹೊಳಿ ಗಾಳಿಗೆ ಚುರಮರಿ ಮೆತ್ತಗಾತು. ಹೊತ್ತ ಮುಳುಗಿತು.

ನಾ ಕಣ್ಣ ತೆರೀಲಿಲ್ಲ. ಆಮೆನ್ ಅಂತನೂ ಅನ್ನಲಿಲ್ಲ.